ಒಂಬತ್ತು ಹಕ್ಕಿ, ಒಂದು ಬಾಗಿಲು

ಮನೆಯಿಂದ,
ಮಾರ್ಚ್ ೪, ಸೋಮವಾರ ಬೆಳಿಗ್ಗೆ

ಏನ್ರೀ, ಹಡಗಿನಲ್ಲಿರುವ ನಮ್ಮ ಯಜಮಾನರೇ,

ಹೇಗಿದ್ದೀರಿ? ಎಣ್ಣೆ ಸಿಡಿದ ಕೈ ಮಾಯಿತಾ? ಹೋದ ಪತ್ರದಲ್ಲಿ ಮಂಡಿನೋವಿನ ಬಗ್ಗೆ ಒಂದು ಮಾತೂ ಇರಲಿಲ್ಲ, ಅಂದರೆ ಜಾಸ್ತಿಯಾಗಿದೆ ಅಂತಲೇ ಅರ್ಥ. ನಲವತ್ತು ಜನಕ್ಕೆ ಬೇಯಿಸಿ ಹಾಕುವವರು ತಾವು ಹೊತ್ತಿಗೆ ಸರಿಯಾಗಿ ತಿನ್ನುತ್ತೀರೋ ಇಲ್ಲವೋ, ದೇವರಿಗೇ ಗೊತ್ತು. ನಾನು ಚೆನ್ನಾಗಿದ್ದೇನೆ. ದೊಡ್ಡವಳೂ ಚೆನ್ನಾಗಿದ್ದಾಳೆ. ಆಸ್ಪತ್ರೆ ಕೆಲಸ ಮುಗಿಸಿ ಬಂದವಳೇ ನನ್ನ ಬಿಪಿ ನೋಡಿ ಮುಖ ಗಂಟು ಹಾಕಿಕೊಳ್ಳುತ್ತಾಳೆ. ಏರದೆ ಇನ್ನೇನು ಮಾಡುತ್ತೆ ಹೇಳಿ? ಮುಂದೆ ಓದಿ, ನಿಮ್ಮದೂ ಏರುತ್ತೆ.

ನಮ್ಮ ಚಿಕ್ಕವಳೂ ಅವಳ ಜೊತೆಯ ಎಂಟು ಮಕ್ಕಳೂ ಹೊಲಿಗೆ ಕಾರ್ಖಾನೆಯ ಬೆಂಕಿಯಲ್ಲಿ ಹೋಗಿ ಬರುವ ಭಾನುವಾರಕ್ಕೆ ಎರಡು ವರ್ಷ. ಅವತ್ತೇ ಸ್ಮಾರಕದ ಅನಾವರಣ. ಸಮಿತಿಗೆ ಅಧ್ಯಕ್ಷ ಯಾರು ಅಂತೀರಿ? ನಾನೂರ ಹದಿನೇಳು! ಹೂಂ ರೀ, ಆ ಕಾರ್ಖಾನೆ ಮಾಲೀಕನೇ. ಸೊಂಟದ ಗೊಂಚಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಬೀಗದಕೈ ಮೇಲೆ ಆ ನಂಬರು ಕೊರೆದಿದೆ ಅಂತ ಮಕ್ಕಳು ಇಟ್ಟ ಹೆಸರಲ್ಲವಾ ಅದು. ಮೆಟ್ಟಿಲ ಮೇಲೆ ಝಣಝಣ ಕೇಳಿದರೆ ಸಾಕು, "ನಾನೂರ ಹದಿನೇಳು ಬಂತು ಕಣ್ರೇ" ಅಂತ ಎಲ್ಲರೂ ತಲೆ ಬಗ್ಗಿಸಿ ಮಿಷನ್ ತುಳಿಯುತ್ತಿದ್ದರಂತೆ. ಚಿಕ್ಕವಳು ಹೊಟ್ಟೆ ಮುಂದೆ ಮಾಡಿಕೊಂಡು ಅವನ ನಡಿಗೆ ತೋರಿಸಿದಾಗ ನೀವು ಬಾಯಲ್ಲಿದ್ದ ಚಹಾ ಉಗುಳಿಬಿಟ್ಟಿದ್ದಿರಿ. ಆ ಕಲೆ ಇನ್ನೂ ಗೋಡೆ ಮೇಲಿದೆ, ನಾನು ಒರೆಸಿಲ್ಲ.

ಸ್ಮಾರಕ ಎರಕ ಹೊಯ್ಯುವ ಕೆಲಸ ಬಂದಿದ್ದು ನಮ್ಮ ಎರಕದ ಮನೆಗೇ. ನನ್ನ ಕೆಲಸ ನಿಮಗೆ ಗೊತ್ತಲ್ಲ, ಮೊದಲು ಮೇಣದಲ್ಲಿ ಮಾಡಿದ್ದನ್ನು ತಿದ್ದಿ ತೀಡಿ ಕೊಡುವುದು. ಮೇಣದಲ್ಲಿ ಏನಿರುತ್ತೋ ಕಂಚಿನಲ್ಲೂ ಅದೇ ಬರುತ್ತೆ, ಉಗುರಿನ ಗೀರು ಕೂಡ ಬಿಡದೆ. ಶಿಲ್ಪಿ ಮಹಾಶಯ ಏನು ಮಾಡಿ ತಂದಿದ್ದ ಗೊತ್ತಾ? ಒಂದು ಬಾಗಿಲು. ಹಾರು ಹೊಡೆದ ಬಾಗಿಲು! ಅದರಿಂದ ಒಂಬತ್ತು ಹಕ್ಕಿ ಪುರ್ರಂತ ಹಾರಿ ಹೋಗುತ್ತಿವೆ. ಕೆಳಗೆ "ನಗುನಗುತ್ತಾ ಹಾರಿಹೋದ ನಮ್ಮ ಮಕ್ಕಳು" ಅಂತ ಬರಹ. ನಮ್ಮ ಮಕ್ಕಳಂತೆ! ನಗುನಗುತ್ತಾ ಅಂತೆ! ಕೆಲಸ ಮುಗಿಯದೆ ಒಬ್ಬರೂ ಇಳಿದು ಹೋಗಬಾರದು ಅಂತ ಹೊರಗಿನಿಂದ ಬೀಗ ಜಡಿದಿದ್ದನಲ್ಲ ರೀ ಪಾಪಿ. ಒಂಬತ್ತು ಜನವೂ ಸಿಕ್ಕಿದ್ದು ಆ ಬಾಗಿಲ ಹಿಂದೆ, ಒಬ್ಬರ ಮೇಲೊಬ್ಬರು. ಆ ಬಾಗಿಲನ್ನು ನನ್ನ ಕೈಯಲ್ಲೇ ಚೆಂದ ಮಾಡಿಸಿದರು. ತಡೆಯದೆ ಕೇಳಿಯೇ ಬಿಟ್ಟೆ, "ಸ್ವಾಮಿ, ಬಾಗಿಲು ಮುಚ್ಚಿತ್ತಲ್ಲ?" ಅಂತ. "ಕಲೆ ನೋವನ್ನು ದಾಟಬೇಕು ಕಣಮ್ಮ" ಅಂದ. ದಾಟಲಿ, ಬೇಡ ಅಂದವರು ಯಾರು? ನನ್ನ ಮಗಳಿಗೆ ಒಂದು ಹೊಸ್ತಿಲು ದಾಟಲು ಬಿಡಲಿಲ್ಲ.

ಅವತ್ತು ಬೆಂಕಿ ಆರಿಸುವವರು ಚಿಲಕ ಮುರಿದು ಎಸೆದಾಗ ಬೀದಿಗೆ ಬಿದ್ದ ಬೀಗವನ್ನು ನಾನು ಕೈಚೀಲಕ್ಕೆ ಹಾಕಿಕೊಂಡಿದ್ದೆ. ವಿಚಾರಣೆಗೆ ತೆಗೆದುಕೊಂಡು ಹೋದರೆ ಅಧಿಕಾರಿ ಅದನ್ನು ಮುಟ್ಟಲೂ ಇಲ್ಲ. "ಇಂಥ ಕರಕಲು ಬೀಗ ಗುಜರಿ ಅಂಗಡೀಲಿ ರಾಶಿ ಬಿದ್ದಿರುತ್ತೆ, ಯಾವ ಬಾಗಿಲಿಂದು ಅಂತ ಇದರ ಮೇಲೆ ಬರೆದಿದೆಯಾ?" ಅಂದು, ಬಾಗಿಲು ಬಿಸಿಗೆ ಕಚ್ಚಿಕೊಂಡಿತ್ತು ಅಂತ ಬರೆದು ಕೈ ತೊಳೆದುಕೊಂಡ. ನೀವಾದರೂ ಜೋರು ಮಾಡುತ್ತೀರಿ ಅಂದುಕೊಂಡಿದ್ದೆ. ನೀವು "ಬಿಟ್ಟುಬಿಡು, ದೊಡ್ಡವರ ಸಹವಾಸ ನಮಗೆ ಬೇಡ" ಅಂದಿರಿ, ಮಾರನೇ ವಾರ ಹಡಗು ಹತ್ತಿದಿರಿ. ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ನಿಮ್ಮ ಮೂರು ಪತ್ರ ಒಡೆಯದೆ ಇಟ್ಟಿದ್ದೆ. ಆಮೇಲೆ ಒಂದೇ ಸಲಕ್ಕೆ ಕೂತು ಮೂರೂ ಓದಿ ಅತ್ತೆ, ಅದು ಬೇರೆ ಮಾತು.

ಈಗ ಪರದೆ ಎಳೆಯಲು ನಿಮ್ಮನ್ನೇ ಕರೆದಿದ್ದಾರಂತೆ, ನೀವೂ ಒಪ್ಪಿಕೊಂಡಿರಂತೆ. ಸತ್ತ ಹುಡುಗಿಯ ಅಪ್ಪನೇ ಎಳೆದರೆ ಇನ್ನು ಯಾರೂ ಬಾಯಿ ಬಿಡುವುದಿಲ್ಲ ಅಂತ ಆ ಮಾಲೀಕನ ಉಪಾಯ. ಅಷ್ಟೂ ಹೊಳೆಯಲಿಲ್ಲವಾ ನಿಮಗೆ? ಕೇಳಿದ ದಿನ ನಾನು ತಟ್ಟೆ ಕುಕ್ಕಿದ ಸದ್ದಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು. ಈಗ ಹಾಗಿಲ್ಲ. ಬನ್ನಿ. ನೀವೇ ಎಳೆಯಬೇಕು. ಶನಿವಾರ ಇಳಿದವರು ನೆಟ್ಟಗೆ ಮನೆಗೆ ಬನ್ನಿ. ನಿಮ್ಮ ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ, ಕಾಲರಿನ ಗುಂಡಿ ಹೊಲಿದಿದ್ದೇನೆ.

ಕೈ ಜೋಪಾನ, ಮಂಡಿ ಜೋಪಾನ. ದೊಡ್ಡವಳು ನಮಸ್ಕಾರ ಹೇಳಿದ್ದಾಳೆ. ನಾನು ಏನೂ ಹೇಳುವುದಿಲ್ಲ, ಬಂದಮೇಲೆ ಬೈಯುವುದು ಇದ್ದೇ ಇದೆ.

ಇಂತಿ,
ನಿಮ್ಮ ಜಗಳಗಂಟಿ

ತಾ.ಕ.: ಅಂಚೆಗೆ ಹೊತ್ತಾಯಿತು ಅಂತ ದೊಡ್ಡವಳು ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತೇನೆ. ಶಿಲ್ಪಿ ಮೇಣ ನೋಡಿ ಸರಿ ಅಂದು ಬೇರೆ ಊರಿಗೆ ಹೋದ, ಇನ್ನು ಬರುವುದು ಭಾನುವಾರವೇ. ಅವನು ಹೋದಮೇಲೆ ನಾನು ಆ ಬೀಗದ ಅಚ್ಚು ತೆಗೆದು, ಮೇಣದ ಬೀಗ ಮಾಡಿ, ಬಾಗಿಲಿನ ಹೊರಮೈಗೆ ಕೂರಿಸಿದೆ. ಬಾಗಿಲ ಜೊತೆ ಒಂದೇ ಎರಕದಲ್ಲಿ ಬಂದಿದೆ, ಗರಗಸ ಹಾಕದೆ ಬರುವುದಿಲ್ಲ. ಎರಕದ ಮೇಸ್ತ್ರಿ ನೋಡಿದರು. ತಾವೇ ಗೋಣಿತಾಟು ಸುತ್ತಿ ಹಗ್ಗ ಬಿಗಿದರು. ಇನ್ನೊಂದು. ಅಚ್ಚು ತೆಗೆಯುವ ಮುಂಚೆ ಬೀಗವನ್ನು ನಮ್ಮ ಆಸಿಡ್ ತೊಟ್ಟಿಗೆ ಹಾಕಿ ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಕರಕಲೆಲ್ಲ ಹೋಗಿ ಹೊಟ್ಟೆ ಮೇಲೆ ನಂಬರು ಕಂಡಿತು ರೀ. ೪೧೭. ಕಂಚಿನಲ್ಲೂ ಚೆನ್ನಾಗಿ ಮೂಡಿದೆ. ಆ ಮಾಲೀಕ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾನೆ, ಬೀಗದಕೈ ಗೊಂಚಲು ಸೊಂಟದಲ್ಲೇ ಇರುತ್ತೆ, ಮೊನ್ನೆ ನಮ್ಮಲ್ಲಿಗೆ ಬಂದಾಗಲೂ ಇತ್ತು. ಪರದೆ ಎಳೆದು, ಬೀಗದ ಮೇಲಿನ ನಂಬರನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿ. ಒಂದು ಸಲ ಸಾಕು. ಅಲ್ಲಿ ಹೊಲಿಯುತ್ತಿದ್ದ ಹುಡುಗಿಯರೆಲ್ಲ ಮುಂದೆಯೇ ಇರುತ್ತಾರೆ, ಮಿಕ್ಕಿದ್ದು ಅವರು ಹೇಳುತ್ತಾರೆ. ನಿಮ್ಮ ಕೈಲಿ ಆಗದಿದ್ದರೆ ಸ್ವಲ್ಪ ಪಕ್ಕಕ್ಕೆ ಸರಿದು ಮೈಕು ನನಗೆ ಕೊಡಿ.