ತಾರಸಿಯ ಗಿಡಕ್ಕೆ ನೀರು ಹಾಕಿದವರು

ಅಮ್ಮಾ,

ಇನ್ನು ಹೆದರಬೇಡ, ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ನೀನು ಕಣ್ಣು ಮುಚ್ಚಿದ ಮೇಲೆ ಅಪ್ಪನಿಗೆ ಊಟ ಒಯ್ಯುವವಳು ನಾನೇ; ಇವತ್ತು ಅಂಗಡಿಗೆ ಹೋದಾಗ ಟಿವಿಯಲ್ಲಿ ಅದೇ ಸುದ್ದಿ. ಹಿಂದೆ ಬ್ರಾಂದಿ ಬಾಟಲಿಗಳ ಸಾಲು, ಮುಂದೆ ಸಿಗರೇಟು ಪ್ಯಾಕುಗಳು, ನಡುವೆ ನಿನ್ನ ಗಂಡ. ದಿನಾ ಬರುವ ಬಸ್ ಡ್ರೈವರ್ ತನ್ನ ಕ್ವಾರ್ಟರನ್ನು ಜೇಬಿಗಿಳಿಸುತ್ತಾ, "ದೇಶ ಹಾಳಾಯ್ತು ಬಿಡಿ ಯಜಮಾನ್ರೇ" ಎಂದ.

ಅಪ್ಪ ಹೂಂಗುಟ್ಟುತ್ತಾರೆ ಅಂದುಕೊಂಡೆ. "ಗಾಂಜಾ ಮನೆ ಮುಳುಗಿಸುತ್ತೆ" ಎಂದು ಊಟಕ್ಕೆ ಕೂತಾಗಲೆಲ್ಲ ಗುಡುಗುತ್ತಿದ್ದವರು ತಾನೇ? ಅದಕ್ಕೆ ಹೆದರಿಯೇ ಅಲ್ಲವೇ ನಾವು ತಾರಸಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ ಆ ಗಿಡ ಬಚ್ಚಿಟ್ಟು, ನಿನ್ನ ಮೂಳೆನೋವಿಗೆ ಕದ್ದುಮುಚ್ಚಿ ಎಲೆ ಕುದಿಸುತ್ತಿದ್ದದ್ದು?

ಅಪ್ಪ ಚಿಲ್ಲರೆ ಕೊಡುತ್ತಾ ಹೇಳಿದರು: "ನಾನು ಮಾರೋದರಿಂದ ಎಷ್ಟು ಮನೆ ಮುಳುಗಿವೆ ಅಂತ ನನಗೆ ಗೊತ್ತು ಕಣಯ್ಯಾ. ಆ ಸೊಪ್ಪಿಂದ ನಮ್ಮನೇಲಿ ಒಬ್ಬಳು ನೆಮ್ಮದಿಯಾಗಿ ನಿದ್ದೆ ಮಾಡಿದ್ಲು."

ಡ್ರೈವರ್ ಚಿಲ್ಲರೆ ಎಣಿಸದೆ ಹೊರಟ. ನಾನು ಊಟದ ಡಬ್ಬಿ ಮೇಜಿನ ಮೇಲಿಟ್ಟು ಕೇಳಿದೆ: "ನಿಮಗೆ ಗೊತ್ತಿತ್ತಾ ಅಪ್ಪಾ?"

"ಮನೆಯೆಲ್ಲಾ ವಾಸನೆ. ನನಗೇನು ಮೂಗಿಲ್ವಾ? ನೀವಾಗೇ ಹೇಳ್ತೀರಿ ಅಂತ ಕಾದೆ."

ನಗು ಬಂತಮ್ಮ, ಎದೆಯ ಮೇಲಿನ ಕಲ್ಲು ಇಳಿದ ಹಾಗೆ.

ದಾರಿಯಲ್ಲಿ ನೆನಪಾಯಿತು. ನಿನ್ನ ಕಾಲು ಸೋತ ಮೇಲೂ, ನಾನು ಎಲೆ ಕೀಳಲು ಹೋದಾಗಲೆಲ್ಲ ಕುಂಡದ ಮಣ್ಣು ಒದ್ದೆಯಿರುತ್ತಿತ್ತು. ಮತ್ತೆ ಮೆಟ್ಟಿಲು ಹತ್ತಿದೆಯಾ ಎಂದು ರೇಗುತ್ತಿದ್ದೆ. "ನಾನಲ್ಲ ಕಣೇ" ಎಂದರೂ ನಂಬುತ್ತಿರಲಿಲ್ಲ.

ಅಪ್ಪ ದಿನಾ ಬೆಳಿಗ್ಗೆ, "ಟ್ಯಾಂಕ್ ತುಂಬಿದೆಯಾ ನೋಡಿ ಬರ್ತೀನಿ" ಎಂದು ಮೇಲೆ ಹೋಗುತ್ತಿದ್ದರಲ್ಲ, ನೆನಪಿದೆಯಾ?