ಅಕ್ಕನ ಅಂಗೈಗೆ ಕೇಳಿದ್ದು

ಜುಲೈ 14, ಮಂಗಳವಾರ

ಅಕ್ಕನ ಸೌಂಡುಗಳನ್ನ ಅವಳ ಸಿಂಥಸೈಜರ್ ಕೀಬೋರ್ಡಿನಿಂದ ಲ್ಯಾಪ್‌ಟಾಪಿಗೆ ತರಬೇಕಿತ್ತು. ನಾನು ಲ್ಯಾಪ್‌ಟಾಪಿನಿಂದ ಸಿಂಥಸೈಜರ್‌ಗೆ ಕಳಿಸಿಬಿಟ್ಟೆ. ಅಷ್ಟೇ ಆಗಿದ್ದು. ಖಾಲಿ ಫೈಲು ಹೋಗಿ ಒಳಗಿದ್ದದ್ದನ್ನೆಲ್ಲ ಅಳಿಸಿಹಾಕಿತು.

ಕಿವಿ ಪೂರ್ತಿ ಹೋಗುವ ಮುಂಚೆ ಅಕ್ಕ ಒಂದೊಂದು ನಾಬನ್ನೂ ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಮಾಡಿಟ್ಟಿದ್ದ ಸೌಂಡುಗಳು. ಮತ್ತೆ ಮಾಡೋಕೆ ಇನ್ನು ಅವಳ ಕೈಲೂ ಆಗಲ್ಲ. ಜೋಪಾನ ಮಾಡಲು ಹೋಗಿ ಕೈಯಾರೆ ಕೊಂದೆ. ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು.

ಅವಳು ನುಡಿಸಿದ ಸ್ವರಗಳು ಮಾತ್ರ ಲ್ಯಾಪ್‌ಟಾಪಿನ ಸೀಕ್ವೆನ್ಸರ್‌ನಲ್ಲಿ ಒಂದೂ ಬಿಡದೆ ಇವೆ. ಯಾವ ಕೀ, ಎಷ್ಟು ಒತ್ತಿದಳು, ಯಾವಾಗ ಬಿಟ್ಟಳು, ಎಲ್ಲ ಇದೆ. ಮಾತಿದೆ, ಕಂಠವಿಲ್ಲ. ನುಡಿಸಿದರೆ ಲಿಫ್ಟಿನ ಬಾಗಿಲು ತೆರೆದಾಗ ಬರುವಂಥ ಸಪ್ಪೆ ಪೀಂ, ಶುರುವಿನಿಂದ ಕೊನೆವರೆಗೂ.

ಸಂಜೆ ಅವಳೇ ಬಂದಳು. “ಎಲ್ಲಾ ಉಳೀತೇನೋ?” ತನ್ನ ದನಿ ತನಗೆ ಕೇಳದ್ದರಿಂದ ಈಗೀಗ ಕೂಗಿಯೇ ಮಾತಾಡ್ತಾಳೆ. ಹೂಂ ಅಂತ ತಲೆಯಾಡಿಸಿದೆ. ಯಾಕೆ ಆಡಿಸಿದೆನೋ.

“ಹಾಗಾದ್ರೆ ಹಾಕು” ಅಂತ ಸ್ಪೀಕರ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಹಾಕಿದೆ. ಆ ದರಿದ್ರ ಪೀಂ ಕೋಣೆಯೆಲ್ಲ ತುಂಬಿತು. ನನಗೇ ಕಿವಿ ಮುಚ್ಕೋಬೇಕು ಅನ್ನಿಸ್ತು.

ಅವಳ ಮುಖ ಅರಳಿತು. “ನೋಡಿದ್ಯೇನೋ, ನನ್ನ ಸೌಂಡು! ಕಿವಿ ಹೋದ್ರೇನು, ಕೈಗೆ ಗೊತ್ತಾಗುತ್ತೆ ಕಣೋ!”

ಇನ್ನೊಂದ್ಸಲ ಅಂದಳು. ಇನ್ನೊಂದ್ಸಲ ಹಾಕಿದೆ.

ಇನ್ಮೇಲೆ ದಿನಾ ಸಂಜೆ ಬರ್ತಾಳಂತೆ. ನಾನು ದಿನಾ ಸಂಜೆ ಅವಳೆದುರು ಕೂತು ಅದನ್ನ ಕೇಳಬೇಕು.