ಶುಂಠಿಯ ಜಾಡಿ

ಸ್ಯಾನ್ ಫ್ರಾನ್ಸಿಸ್ಕೋ, ಚೀನಾಪೇಟೆ
15 ನವೆಂಬರ್ 1986, ಶನಿವಾರ

ನನ್ನ ಕಿರಿಮಗಳು ವಾನ್ ಫಂಗ್‌ಗೆ ಅಮ್ಮನ ಅಕ್ಕರೆ.

ಹೇಗಿದ್ದೀಯ ಮಗಳೇ? ಸೊಂಟ ನೋಯುತ್ತಿದೆಯೇ? ತಣ್ಣೀರಿಗೆ ಕೈ ಹಾಕುತ್ತಿಲ್ಲ ತಾನೇ? ಕಿಟಕಿ ತೆರೆದು ಗಾಳಿಗೆ ಕೂರುವ ನಿನ್ನ ಹಳೆಯ ಚಟವನ್ನು ಈ ತಿಂಗಳಾದರೂ ಬಿಡು, ತಲೆಗೆ ಬಟ್ಟೆ ಕಟ್ಟಿಕೋ. ಇದನ್ನೆಲ್ಲ ಯಾಕೆ ಕೇಳುತ್ತಾಳೆ ಎಂದು ಹುಬ್ಬೇರಿಸಬೇಡ, ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ, ಅಷ್ಟೆ. ಅಂಗಡಿಗಳ ಬೋರ್ಡು ನೋಡಿ ಕಲಿತ ಅಕ್ಷರ ನನ್ನದು, ನಗಬೇಡ. ಇಲ್ಲ, ನಗು. ನಿನ್ನ ನಗು ಕೇಳಿ ಬಹಳ ಕಾಲವಾಯಿತು.

ವಿಷಯ ನಿನ್ನ ಅಕ್ಕನದು. ಸುಕ್ ಯಿನ್ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ. ನೀನಾಗಿದ್ದರೆ ಬಾಯಿ ತುಂಬ ಸುಳ್ಳು ಹೇಳಿ, ಮೇಲೆ ನನ್ನ ಮುಖವನ್ನೇ ನೋಡಿ ಕಣ್ಣು ಮಿಟುಕಿಸುತ್ತಿದ್ದೆ. ಅವಳಿಗೆ ಸುಳ್ಳು ಬಾಯಿಗೆ ಬರುವ ಮೊದಲೇ ಕಿವಿ ಕೆಂಪಾಗುತ್ತದೆ. ಕರವಸ್ತ್ರಕ್ಕೂ ಇಸ್ತ್ರಿ ಹಾಕುವವಳು, ಬ್ಯಾಂಕು ಬಿಟ್ಟರೆ ಮನೆ ಎನ್ನುವವಳು, ಈಗ ಮೂರ್ನಾಲ್ಕು ವಾರದಿಂದ ಭಾನುವಾರ ಬಂತೆಂದರೆ ಚೀಲ ಹಿಡಿದು ಕೊಲ್ಲಿಯಾಚೆ ಹೋಗುವ ರೈಲು ಹತ್ತುತ್ತಾಳೆ. ಕೇಳಿದರೆ, "ಬ್ಯಾಂಕ್ ಕೆಲ್ಸ ಇದೆಯಮ್ಮ." ಭಾನುವಾರ ಯಾವ ಬ್ಯಾಂಕು ಬಾಗಿಲು ತೆರೆಯುತ್ತದೆ? ಕಿವಿಗಳು ಮಾತ್ರ ಅಂಗಡಿಯಲ್ಲಿ ನೇತುಹಾಕಿದ ಸುಟ್ಟ ಬಾತುಕೋಳಿಯ ಬಣ್ಣಕ್ಕೆ ತಿರುಗಿದ್ದವು.

ತರಕಾರಿ ಅಂಗಡಿಯ ಲೋನ ಹೆಂಡತಿಯ ಬಾಯಿ ನಿನಗೆ ಗೊತ್ತಲ್ಲ. ಬೀದಿಗೆಲ್ಲ ಕೇಳುವಂತೆ, "ಏನಕ್ಕಾ, ನಿನ್ ದೊಡ್ಮಗಳು ಬಲಿತ ಶುಂಠಿನ ಚೀಲಗಟ್ಲೆ ಹೊತ್ಕೊಂಡ್ ಹೋಗ್ತಾಳೆ? ಮದ್ವೆ ಊಟ ಹಾಕ್ಸ್ದೇ ನೇರ ಬಾಣಂತನಾನೇ?" ಅಂದಳು. "ನಿನ್ ಬಾಯಿಗೂ ಒಂದ್ ತುಂಡು ಶುಂಠಿ ಇಟ್ಕೋ" ಎಂದು ಮನೆಗೆ ಬಂದೆ. ಅಕ್ಕನ ಸೊಂಟ ನೋಡಿದೆ, ಬೆಲ್ಟು ಹಳೆಯ ತೂತಿನಲ್ಲೇ ಇದೆ. ಕೋಟು ಮೂಸಿದೆ, ವಿನೆಗರ್ ವಾಸನೆ. ಅವಳು ಕೆಲಸಕ್ಕೆ ಹೋದ ಮೇಲೆ ನನ್ನ ಬಳಿ ಇರುವ ಇನ್ನೊಂದು ಕೀಲಿಯಿಂದ ಮೇಲಿನ ಅವಳ ಕೋಣೆ ತೆರೆದೆ. ಒಲೆಯ ಮೇಲೆ ಶುಂಠಿ, ಕಪ್ಪು ವಿನೆಗರ್, ಹಂದಿಕಾಲು, ಮೊಟ್ಟೆ. ಬಾಣಂತಿಗಲ್ಲದೆ ನಮ್ಮ ಜನ ಇದನ್ನು ಇಷ್ಟು ಕಳ್ಳತನದಿಂದ ಬೇಯಿಸುವುದು ಯಾರಿಗೆ? ಅವಳ ಗೆಳತಿಯರೆಲ್ಲ ಇದೇ ಬೀದಿಯವರು, ಅವರವರ ತಾಯಂದಿರೇ ಇದ್ದಾರೆ. ಕೊಲ್ಲಿಯಾಚೆ ಇರುವವಳು, ತಾಯಿಯ ಕೈಯಡುಗೆ ತಲುಪದವಳು ಯಾರೆಂದು ಯೋಚಿಸಿದೆ. ನಿನ್ನ ಮುಖ ಕಣ್ಣ ಮುಂದೆ ಬಂತು.

ನೀನು ಆ ಮೆಕ್ಸಿಕೋದ ಕಹಳೆ ಊದುವವನನ್ನು ಮದುವೆಯಾಗಿ ಫೋನು ಮಾಡಿದ ದಿನ ನಿನ್ನಪ್ಪ, "ನಂಗಿರೋಳು ಒಬ್ಳೇ ಮಗಳು" ಎಂದು ಫೋನಿಟ್ಟರು. ಆಗ ಸುಮ್ಮನೆ ಅನ್ನ ಬಡಿಸುತ್ತಿದ್ದ ಆ ಒಬ್ಬಳೇ ಮಗಳು ನೋಡು, ಈಗ ಅಪ್ಪನ ಮೂಗಿನ ಕೆಳಗೇ ಹೀಗೆ!

ಆದರೆ ಬ್ಯಾಂಕಿನ ಜಾಣೆ ಒಲೆಯ ಮುಂದೆ ಪೆದ್ದಿ. ವಿನೆಗರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಿದ್ದಳು! ಶುಂಠಿಯನ್ನು ಒಣಗಿಸಿರಲಿಲ್ಲ, ಹುರಿದಿರಲಿಲ್ಲ. ನಾಲಿಗೆಗೆ ಹಚ್ಚಿದರೆ ಬರೀ ಲೋಹದ ಚಮಚ ನೆಕ್ಕಿದ ಹಾಗಾಯಿತು. ಹಸಿಬಾಣಂತಿ ಇದನ್ನು ತಿನ್ನುವುದೇ? ಅವಳು ಜಾಡಿಗೆ ತುಂಬಿಟ್ಟು ಶನಿವಾರ ಮಾರುಕಟ್ಟೆಗೆ ಹೋದಾಗ ಎಲ್ಲವನ್ನೂ ಚೆಲ್ಲಿ, ನನ್ನ ಮಣ್ಣಿನ ಗಡಿಗೆಯಲ್ಲಿ ಮಾಡಿದ್ದನ್ನು ತುಂಬಿ, ಮೊದಲಿನಂತೆಯೇ ಬಟ್ಟೆ ಕಟ್ಟಿಟ್ಟೆ. ಅಂದಿನಿಂದ ಪ್ರತಿ ಶನಿವಾರ ಇದೇ ಕಳ್ಳ ಕೆಲಸ. ಮೊನ್ನೆ ಅಕ್ಕ ಬಹಳ ಠೀವಿಯಿಂದ, "ಅಮ್ಮಾ, ನಂಗೂ ಅಡುಗೆ ಕೈಗೆ ಹತ್ತಿದೆ ಅನ್ಸತ್ತೆ" ಅಂದಳು. ಆಗ ಕಿವಿ ಒಂದಿಷ್ಟೂ ಕೆಂಪಾಗಲಿಲ್ಲ! ನೀನು ಏನೋ ಹೊಗಳಿರಬೇಕು. ಅವಳಿಗೆ ಹೇಳಬೇಡ, ಆ ಖುಷಿ ಅವಳಿಗಿರಲಿ.

ಈ ಕಾಗದವನ್ನು ಜಾಡಿ ಸುತ್ತಿದ ಟವೆಲಿನ ಮಡಿಕೆಯಲ್ಲಿ ಇಡುತ್ತೇನೆ. ಆದರೂ ನನ್ನ ಗುಮಾನಿಗೆ ಕೊನೆಯಿಲ್ಲ. ಎಲ್ಲ ನಾನೇ ಕಟ್ಟಿಕೊಂಡ ಕಥೆಯಾಗಿದ್ದರೆ? ಓದುತ್ತಿರುವವಳು ನನ್ನ ವಾನ್ ಫಂಗ್ ಅಲ್ಲದಿದ್ದರೆ, ತಾಯೀ, ನೀವು ಯಾರೇ ಆಗಿರಿ, ಬಿಸಿ ಮಾಡಿಕೊಂಡು ತಿನ್ನಿ, ಕೂಸು ತಣ್ಣಗಿರಲಿ. ನನ್ನ ಮಗಳೇ ಆಗಿದ್ದರೆ ಮೊಟ್ಟೆಯನ್ನು ಮೊದಲು ತಿನ್ನು.

ನಿನ್ನ ಮಡಿಲು ಬೆಚ್ಚಗಿರಲಿ, ನಿದ್ದೆ ಸಿಗಲಿ. ಕಹಳೆಯವನಿಗೂ ನನ್ನ ಹಾರೈಕೆ ತಿಳಿಸು, ಮಗು ಮಲಗಿದಾಗ ಊದದಿರಲಿ.

ನಿನ್ನ
ಅಮ್ಮ

ಒಂದು ಮಾತು ಮರೆತಿದ್ದೆ. ಅಕ್ಕ ಮೆಟ್ಟಿಲು ಹತ್ತುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನಪ್ಪ ಬೆಳಿಗ್ಗೆ ಅಡುಗೆಮನೆಗೆ ಬಂದು "ಏನಿದು ವಾಸ್ನೆ?" ಎಂದರು. ಮಂಡಿನೋವಿಗೆ ಕಷಾಯ ಅಂದೆ. ಗಡಿಗೆಯಲ್ಲಿ ಹಂದಿಕಾಲು ತೇಲುತ್ತಿತ್ತು. ಅವರು ಚಾಕು ತೆಗೆದುಕೊಂಡು ಶುಂಠಿ ಹೆರೆಯತೊಡಗಿದರು. ಏಳುವಾಗ ಅಂದರು: "ಇನ್ನೂ ಒಂದಿಷ್ಟ್ ಹಾಕು. ಅದಕ್ಕೆ ಖಾರ ಜಾಸ್ತಿ ಬೇಕು." ಈ ಮನೆಯಲ್ಲಿ ಅಷ್ಟು ಖಾರ ತಿನ್ನುತ್ತಿದ್ದವಳು ನೀನೊಬ್ಬಳೇ.

ಜಾಡಿಯನ್ನು ಖಾಲಿ ಕಳಿಸಬೇಡ ಮಗಳೇ. ಟವೆಲಿನೊಳಗೆ ಮಗುವಿನದೊಂದು ಹಳೆಯ ಕಾಲುಚೀಲ ಇಡು. ಅಪ್ಪನಿಗೆ ನಾನೇನೂ ಹೇಳುವುದಿಲ್ಲ. ಒಗೆದು, ಅವರು ಪೇಪರ್ ಓದುವ ಕುರ್ಚಿಯ ಎದುರಿನ ಹಗ್ಗಕ್ಕೆ ಒಣಗಹಾಕುತ್ತೇನೆ.